ಮಾಂಬಳ್ಳಿಯ ಎಂಬತ್ತಾರು ಕ್ಲಿಕ್

ಜಾಹೀರಾತು ಕಾಣಿಸುವ ಊರುಗಳ ಪಟ್ಟಿಯಿಂದ ಮಾಂಬಳ್ಳಿಯನ್ನು ತೆಗೆದುಹಾಕಲು ಪ್ರೇಮಾ ಹೆಬ್ಬೆರಳು ಎತ್ತಿದಳು. ಕೊಳ್ಳೇಗಾಲದ ಅವಳ ರೇಷ್ಮೆ ಸೀರೆ ಅಂಗಡಿಯ ಜಾಹೀರಾತನ್ನು ಯಾರು ಫೋನಿನಲ್ಲಿ ಒತ್ತಿದರೂ, ಒತ್ತಿದ್ದಕ್ಕೆಲ್ಲ ಅವಳೇ ಏಳೇಳು ರೂಪಾಯಿ ಕಟ್ಟಬೇಕು. ಈ ವಾರ ಹನೂರಿನಿಂದ ಒಂಬತ್ತು ಕ್ಲಿಕ್ ಬಂದಿದ್ದವು, ಅದರಲ್ಲಿ ಇಬ್ಬರು ಸೀರೆ ಕೊಂಡಿದ್ದರು. ಅವಳ ತವರೂರು ಮಾಂಬಳ್ಳಿಯಿಂದ ಎಂಬತ್ತಾರು ಕ್ಲಿಕ್, ಒಂದು ಆರ್ಡರೂ ಇಲ್ಲ.

ಅಷ್ಟರಲ್ಲಿ ಅವ್ವ ದೊಡ್ಡಮಾದಮ್ಮನ ಫೋನು ಬಂತು. "ನಿನ್ನಂಗಡಿ ಪೋನಲ್ಲಿ ಬತ್ತದೆ ಕಣವ್ವಾ! ದಿನಾ ಎದ್ದೇಟ್ಗೆ ಒತ್ತೀನಿ. ನಮ್ ಬೀದಿ ಎಂಗಸ್ರ ಕೈಲೂ ಒತ್ತುಸ್ತೀನಿ. ಒತ್ತುದಷ್ಟೂ ನಿಂಗೆ ಯಾಪಾರ ಆಯ್ತದಲ್ವಾ?"

ಮಗಳು ಇದ್ದ ಕೆಲಸ ಬಿಟ್ಟು ಅಂಗಡಿ ಹಾಕಿದಳೆಂದು ಮುನಿಸಿಕೊಂಡು, ಆರು ತಿಂಗಳು ಮಾತು ಬಿಟ್ಟಿದ್ದ ಅವ್ವ ಇವಳು. ಅಂಗಡಿಯ ಹೊಸಿಲು ಇನ್ನೂ ತುಳಿದಿಲ್ಲ.

ಎತ್ತಿದ ಹೆಬ್ಬೆರಳನ್ನು ಪ್ರೇಮಾ ಮೆಲ್ಲಗೆ ಮಡಿಸಿಕೊಂಡಳು.

"ಊಂ ಕಣವ್ವ, ಆಯ್ತದೆ. ಆದ್ರೆ ಬ್ಯಾರೆಯೋರ್ ಕೈಲಿ ಬ್ಯಾಡ," ಎಂದಳು. "ದಿನಕ್ಕೊಂದ್ಸಲ, ನೀನೊಬ್ಳೇ ಒತ್ತು."