ಹೊಗೆ ಹಾಕ್ತೀನಿ ಬಾ

ಸಾಂಬ್ರಾಣಿ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣು ಮೊದಲು ಬಾಗಿಲು ಹುಡುಕುತ್ತದೆ.

ಆಗ ಸಿಂಗಪುರದ ಸೆರಂಗೂನ್‌ನ ಫ್ಲಾಟಿನಲ್ಲಿದ್ದೆವು. ಆ ಮಧ್ಯಾಹ್ನ ಪಕ್ಕದ ಮನೆಯ ಸ್ಕಾಟ್ಲೆಂಡಿನ ಅಂಕಲ್ ನನಗೂ ಅಮ್ಮನಿಗೂ ತಮ್ಮೂರ ಬೆಟ್ಟದ ಮೇಲಿನ ಕಲ್ಲಿನ ಗೋಪುರಮನೆಯ ಫೋಟೋ ತೋರಿಸಿದರು. ನಾನು ಅಡ್ಡ ಮಲಗುವಷ್ಟು ದಪ್ಪ ಗೋಡೆ, ಒಂದೇ ಬಾಗಿಲು. ಹಿಂದೆ ಶತ್ರುಗಳು ಬಂದಾಗ ಮನೆಯವರೆಲ್ಲ ಒಳಗೆ ಸೇರಿಕೊಂಡಿದ್ದರಂತೆ. ಮುಂದಿನದು ಅವರ ಇಂಗ್ಲಿಷಿನಲ್ಲಿ ನನಗೆ ತಿಳಿಯಲಿಲ್ಲ.

"ಬಾಗಿಲ ಹತ್ರ ಒದ್ದೆ ಹುಲ್ಲಿಗೆ ಬೆಂಕಿ ಇಟ್ಟು ಹೊಗೆ ಹಾಕಿದ್ರಂತೆ ಕಣೆ," ಎಂದಳು ಅಮ್ಮ. "ಒಬ್ರೂ ಉಳೀಲಿಲ್ವಂತೆ."

ಪಾಳುಬಿದ್ದ ಆ ಮನೆಯನ್ನು ಅಂಕಲ್‌ನ ತಂದೆ ರಿಪೇರಿ ಮಾಡಿಸಿ ಸುಣ್ಣ ಬಳಿಸಿದ್ದರು. ಮೆಟ್ಟಿಲ ಬಳಿಯ ಮಸಿಯನ್ನು ಮಾತ್ರ ಹಾಗೇ ಬಿಟ್ಟಿದ್ದರು.

ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಯುದ್ಧ ಬಂದರೆ ಅಡಗಲೆಂದು ಅಲ್ಲಿನ ಫ್ಲಾಟುಗಳಲ್ಲಿ ಕಟ್ಟುವ ಬಾಂಬ್ ಶೆಲ್ಟರೇ ನಮ್ಮ ದೇವರಮನೆ: ಕಿಟಕಿಯಿಲ್ಲದ ಕಾಂಕ್ರೀಟ್ ಕೋಣೆ, ಉಕ್ಕಿನ ಬಾಗಿಲು. ಅಜ್ಜಿ ಕೆಂಡದ ಬಟ್ಟಲಿಟ್ಟುಕೊಂಡು ಒಳಗೆ ಕೂತಿದ್ದರು.

"ಬಾ, ಕೂದಲಿಗೆ ಹೊಗೆ ಹಾಕ್ತೀನಿ. ಬಾಗಿಲು ಮುಚ್ಚು, ಇಲ್ಲಾಂದ್ರೆ ಹಾಲ್‌ನಲ್ಲಿ ಹೊಗೆ ಅಲಾರಂ ಹೊಡ್ಕೊಳತ್ತೆ."

ಮುಚ್ಚಿದೆ. ಕೆಂಡಕ್ಕೆ ಸಾಂಬ್ರಾಣಿ ಬಿದ್ದದ್ದೇ ಬಿಳಿ ಹೊಗೆ ದೇವರ ಪಟಗಳನ್ನೂ ಅಜ್ಜಿಯ ಮುಖವನ್ನೂ ನುಂಗಿತು. ಬಾಗಿಲ ಹಿಡಿ ಎಳೆದೆ, ಅಲುಗಲಿಲ್ಲ.

"ಬೇಡ ಅಜ್ಜಿ, ಸತ್ತೋಗ್ತೀವಿ!"

ಅಜ್ಜಿ ಎದ್ದು ಬಾಗಿಲು ತೆರೆದರು. ಬಿಕ್ಕುತ್ತಲೇ ಗೋಪುರದ ಕಥೆ ಹೇಳಿದೆ. ಅವರು ನಗಲಿಲ್ಲ.

"ಒಳಗೆ ಮಕ್ಕಳಿದ್ರಾ?"

"ಅಂಕಲ್ ಹೇಳ್ಲಿಲ್ಲ."

ಅಜ್ಜಿ ಕೆಂಡಕ್ಕೆ ನೀರು ಸುರಿದರು. ಆಮೇಲೆ ಅಡುಗೆಮನೆಯಿಂದ ಅಕ್ಕಿ ಮೂಟೆ ಎಳೆದುತಂದು ತೆರೆದ ಬಾಗಿಲಿಗೆ ಒತ್ತಿಟ್ಟರು. ನಾವು ಮನೆ ಬಿಡುವವರೆಗೂ ಅದು ಮತ್ತೆ ಮುಚ್ಚಲಿಲ್ಲ.