ಬೆರ್ಚಪ್ಪನ ಬುತ್ತಿ

ಕತ್ತೆ ಬಾಯಿ ತೆರೆಯುವುದಕ್ಕೂ ಭುವನಾ ಬಾಯಿ ಹಾಕುವುದಕ್ಕೂ ಸರಿಹೋಯಿತು.

ಅಜ್ಜಂಪುರದಿಂದ ತರೀಕೆರೆಗೆ ಹೋಗುವ ಬೆಳಗಿನ ಬಸ್ಸು. ಕಿಟಕಿ ಪಕ್ಕದ ಸೀಟಿನಲ್ಲಿ ಈರಭದ್ರಜ್ಜ. ತರೀಕೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅಜ್ಜನಿಗೆ ಆ ಸೀಟು ಸುಮ್ಮನೆ ಸಿಗುತ್ತಿರಲಿಲ್ಲ. ಬಸ್ಸು ಸ್ಟ್ಯಾಂಡಿಗೆ ತಿರುಗುವಾಗಲೇ ಕಾಲೇಜು ಹುಡುಗಿಯರಲ್ಲಿ ಯಾರಾದರೊಬ್ಬರು ಓಡಿಹೋಗಿ, ಕಿಟಕಿಯಿಂದ ಬ್ಯಾಗು ಎಸೆದು, ಅವನಿಗೆಂದು ಜಾಗ ಹಿಡಿಯುತ್ತಿದ್ದರು. ಅದಕ್ಕೆ ಬದಲಾಗಿ ಅಜ್ಜ ತರೀಕೆರೆ ಮುಟ್ಟುವುದರೊಳಗೆ ಒಂದು ಕಥೆ ಹೇಳಬೇಕು. ಎಲ್ಲವೂ ಅವನ ಮನೆಯವರಿಗೇ ಆಗಿದ್ದು. ಯಾವುದನ್ನೂ ನಂಬುವ ಹಾಗಿಲ್ಲ.

ಅವತ್ತಿನದು ಹೊಸ ಕಥೆ. ಲಕ್ಕವಳ್ಳಿಯಲ್ಲಿ ಡ್ಯಾಮ್ ಕಟ್ಟುವಾಗ ಅಜ್ಜನ ದೊಡ್ಡಪ್ಪನ ಹತ್ತಿರ ಮಣ್ಣು ಹೊರುವ ಕತ್ತೆಯೊಂದಿತ್ತಂತೆ. ಮಧ್ಯಾಹ್ನ ಊಟದ ಸೈರನ್ ಆಯಿತೋ, ಅದು ಇದ್ದಲ್ಲೇ ನಿಂತುಬಿಡುತ್ತಿತ್ತಂತೆ. ಒಂದು ದಿನ ಸೈರನ್ನೇ ಕೆಟ್ಟಿತು.

"ಹೊತ್ತು ಮೀರೋಯ್ತು, ಸೈರನ್ನಿಲ್ಲ. ಎಂಜಿನಿಯರ್ ಟೋಪಿ ಹಾಕ್ಕಂಡು ಎದುರಿಗೇ ನಿಂತವ್ನೆ. ಯಾರೂ ಗುದ್ಲಿ ಕೆಳಗಿಡಂಗಿಲ್ಲ. ಕತ್ತೆ ಆ ಕಡೆ ನೋಡ್ತು, ಈ ಕಡೆ ನೋಡ್ತು..." ಅಜ್ಜ ತಡೆದ. ಇಂಥ ಜಾಗದಲ್ಲಿ ತಡೆಯುವುದು ಅವನ ಅಭ್ಯಾಸ. ಕಂಡಕ್ಟರ್ ಪರಮೇಶ್ ಕೂಡ ಟಿಕೆಟ್ ಕೊಡುವುದು ಬಿಟ್ಟು ನಿಂತ.

"ಕತ್ತೆನೇ ಕೂಗ್ತು!" ಭುವನಾ ಚಪ್ಪಾಳೆ ತಟ್ಟಿದಳು. "ಎಲ್ರೂ ಅದೇ ಸೈರನ್ ಅಂದ್ಕೊಂಡು ಊಟಕ್ಕೋದ್ರು! ಆಮೇಲೆ ಆ ಕೆಲ್ಸಕ್ಕೆ ಕತ್ತೆನೇ ಪರ್ಮನೆಂಟ್ ಮಾಡ್ಕೊಂಡ್ರು! ಅಲ್ವಾ ಅಜ್ಜಾ?"

"ನಿಂಗೆಂಗೆ ಗೊತ್ತೇ?" ಎಂದಳು ಪಕ್ಕದಲ್ಲಿದ್ದ ಗೆಳತಿ ತ್ರಿವೇಣಿ.

ಭುವನಾ ಬ್ಯಾಗಿನಿಂದ ಇಟ್ಟಿಗೆ ಗಾತ್ರದ ಪುಸ್ತಕ ಎಳೆದಳು. ಕಾಲೇಜು ಲೈಬ್ರರಿಯದು, ಯಾವ ಕಾಲದ್ದೋ ಅಮೆರಿಕದ ಹಾಸ್ಯಗಾರನೊಬ್ಬ ಬರೆದ ಅಷ್ಟೂ ಸಣ್ಣಕಥೆಗಳು. "ಇದ್ರಲ್ಲೇ ಇದೆ ಕಣೇ! ನಿನ್ನೆ ತಾನೇ ಓದ್ದೆ. ಅಲ್ಲಿ ರೈಲು ಹಳಿ ಹಾಕ್ತಿರ್ತಾರೆ, ಹೇಸರಗತ್ತೆ ಇರುತ್ತೆ, ಅಷ್ಟೇ ವ್ಯತ್ಯಾಸ. ಅಜ್ಜಾ, ಸಿಕ್ಕಾಕ್ಕೊಂಡ್ರಿ!"

"ಓಹೋ, ಅಜ್ಜನ ದೊಡ್ಡಪ್ಪ ಅಮೆರಿಕದಲ್ಲಿ ಮಣ್ಣು ಹೊತ್ತವ್ರೆ!" ಎಂದ ಪರಮೇಶ್. ಬಸ್ಸಿಗೆ ಬಸ್ಸೇ ನಕ್ಕಿತು. ಹಿಂದಿನಿಂದ ಯಾರೋ ಕೂಗಿದರು: "ಅಂಗಾರೆ ಇಷ್ಟು ದಿನ ಹೇಳಿದ್ದೆಲ್ಲ ಕದ್ದ ಮಾಲೇನಜ್ಜ?"

ಎಲ್ಲರಿಗಿಂತ ಜೋರಾಗಿ ಅಜ್ಜನೇ ನಗುತ್ತಾನೆ ಅಂದುಕೊಂಡಿದ್ದಳು ಭುವನಾ. ಅಷ್ಟು ದೊಡ್ಡ ಬರಹಗಾರ ಬರೆದದ್ದನ್ನೇ ನಮ್ಮ ಅಜ್ಜ ಹೇಳ್ತಾರೆ ಅನ್ನುವ ಖುಷಿ ಅವಳದು. ಆದರೆ ಅವಳ ಬಾಯಿಂದ ಬಂದದ್ದು ಆ ಮಾತಲ್ಲ.

ಅಜ್ಜ ಕೈ ಚಾಚಿ ಪುಸ್ತಕ ಇಸಿದುಕೊಂಡ. ಅವನಿಗೆ ಇಂಗ್ಲಿಷ್ ಬರುವುದಿಲ್ಲ. ಬಟ್ಟೆ ನೋಡುವ ಹಾಗೆ ಒಂದು ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ ವಾಪಸ್ ಕೊಟ್ಟ. "ನಂಗೆ ನಮ್ ದೊಡ್ಡಪ್ಪ ಹೇಳಿದ್ದು ಕಣವ್ವ. ಅವ್ನಿಗ್ಯಾರು ಹೇಳಿದ್ರೋ," ಎಂದವನು ತರೀಕೆರೆ ಬರುವವರೆಗೂ ಕಿಟಕಿಯಿಂದಾಚೆ ನೋಡುತ್ತಾ ಕೂತ.

ಮಾರನೇ ದಿನ ಭುವನಾಳೇ ಎಲ್ಲರಿಗಿಂತ ಮುಂಚೆ ಓಡಿ ಬ್ಯಾಗು ಎಸೆದಳು. ಅಜ್ಜ ಹತ್ತಿದ, ಸೀಟು ನೋಡಿದ, "ನೀವೇ ಕುಂತ್ಕಳ್ರವ್ವ" ಎಂದು ಹಿಂದಿನ ಬಾಗಿಲ ಹತ್ತಿರ ಹೋಗಿ ಕಂಬ ಹಿಡಿದು ನಿಂತ. ಅದರ ಮಾರನೇ ದಿನವೂ ಅಷ್ಟೇ. ಕಥೆ ಕೇಳಿದರೆ, "ನೀವು ಓದ್ದೋರು, ಓದ್ಕಳ್ರಿ," ಎನ್ನುತ್ತಿದ್ದ. ಆಮೇಲಾಮೇಲೆ ಬಸ್ಸಿನಲ್ಲಿ ಎಲ್ಲರ ಫೋನಿನಿಂದಲೂ ಒಂದೊಂದು ಹಾಡು ಬರತೊಡಗಿತು.

ಭುವನಾ ಆ ಪುಸ್ತಕವನ್ನು ಮೊದಲಿಂದ ಕೊನೆಯವರೆಗೂ ಓದಿದಳು. ಒಂದು ಕಥೆಯಲ್ಲೂ ನಗು ಬರಲಿಲ್ಲ. ಅವಳು ಹುಡುಕುತ್ತಿದ್ದದ್ದು ಬೆರ್ಚಪ್ಪನನ್ನು. ದೀಪಾವಳಿ ಆಸುಪಾಸಿನಲ್ಲಿ ಅಜ್ಜ ಹೇಳಿದ್ದ ಕಥೆ ಅದು. ಅಜ್ಜನ ಹೆಂಡತಿ ಕರಿಬಸಮ್ಮ ಬುತ್ತಿ ತಗೊಂಡು ರಾಗಿ ಹೊಲಕ್ಕೆ ಹೋಗುತ್ತಾಳೆ. ಹಕ್ಕಿ ಬೆದರಿಸಲೆಂದು ಅಜ್ಜನ ಹಳೇ ಅಂಗಿ ತೊಡಿಸಿ ನಿಲ್ಲಿಸಿದ್ದ ಬೆರ್ಚಪ್ಪನನ್ನೇ ಗಂಡ ಅಂದುಕೊಂಡು, ಕೆಲಸ ಬಿಟ್ಟು ನಿಂತಿದ್ದೀಯಲ್ಲ ಎಂದು ಬಾಯಿ ನೋಯುವಷ್ಟು ಬೈಯುತ್ತಾಳೆ. ಇಷ್ಟು ವರ್ಷದಲ್ಲಿ ಇವತ್ತೊಂದು ದಿನ ಎದುರು ಮಾತಾಡಲಿಲ್ಲವಲ್ಲ ಎಂದು ಖುಷಿಯಾಗಿ, ಅದರ ಮುಂದೆ ಮುದ್ದೆಗೆ ತುಪ್ಪ ಸುರಿದು ಬಡಿಸುತ್ತಾಳೆ. ಹಸಿದ ಅಜ್ಜ ಬೇಲಿ ಹಾರಿ ಓಡಿಬಂದರೆ, "ನೀನ್ಯಾವನೋ?" ಎನ್ನುತ್ತಾಳೆ. "ಅವತ್ತಿಂದ ಅವ್ಳು ಇರೋಗಂಟ ನಾನು ಎದುರು ಮಾತಾಡ್ಲಿಲ್ಲ ಕಣ್ರವ್ವ, ತುಪ್ಪದಾಸೆಗೆ," ಎಂದು ಮುಗಿಸಿ ಅಜ್ಜ ಕಣ್ಣೊರೆಸಿಕೊಂಡಿದ್ದ. ನಕ್ಕು ನಕ್ಕು ಹಾಗಾಗಿದೆ ಎಂದುಕೊಂಡಿದ್ದರು ಹುಡುಗಿಯರು.

ಬೆರ್ಚಪ್ಪ ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಭುವನಾ ಕ್ಲಾಸು ಬಿಟ್ಟು ಹೊಲಿಗೆ ಅಂಗಡಿಗೆ ಓಡಿದಳು.

"ಅಜ್ಜಾ, ಪೂರ್ತಿ ಓದ್ದೆ. ಬೆರ್ಚಪ್ಪ ಇದ್ರಲ್ಲಿಲ್ಲ. ಅದು ನಿಮ್ದೇ ಕಥೆ. ನಂದು ತಪ್ಪಾಯ್ತಜ್ಜ. ನಾಳೆ ಬಸ್ಸಲ್ಲಿ ಅದನ್ನೇ ಹೇಳಿ, ಎಲ್ರಿಗೂ ನಾನೇ ಹೇಳ್ತೀನಿ ಇದು ಅಜ್ಜಂದೇ ಅಂತ."

ಅಜ್ಜ ಮಿಷನ್ ತುಳಿಯುವುದು ನಿಲ್ಲಿಸಲಿಲ್ಲ. ಹೊಲಿಗೆ ಅಂಚಿಗೆ ಬಂದ ಮೇಲೆ ಬಗ್ಗಿ ದಾರವನ್ನು ಹಲ್ಲಲ್ಲಿ ಕಡಿದ.

"ಸರಿಯಾಗ್ ನೋಡವ್ವ, ಅದೂ ಇರುತ್ತೆ," ಎಂದ. "ಕರಿಬಸಮ್ಮಂಗೆ ಬೇರೆ ಏನಾರ ಹೆಸ್ರಿಟ್ಟಿರ್ತಾರೆ, ಅಷ್ಟೇಯ."