ಹೊಸ್ತಿಲು ತುಳಿಯುವ ಸಾಲು

ಮಂಗೋಲರ ಹಳೆಯ ರಾಜಧಾನಿ ಕಾರಾಕೋರಮ್ಮನ್ನು ಹೊಸದಾಗಿ ಕಟ್ಟಿ, ಅಲ್ಲಿ ಅಗೆದು ತೆಗೆದ ಮೂಳೆಗಳಿಂದ ಅದರ ಜನರನ್ನೂ ಮತ್ತೆ ಬೆಳೆಸಿಟ್ಟಿದ್ದರು. ಒಂದು ಕಂಬಳಿ ಡೇರೆಯ ಮುಂದೆ ನಮ್ಮ ಟೂರಿನ ಹೆಂಗಸರು ಹೊಸ್ತಿಲು ತುಳಿಯಲು ಸಾಲು ನಿಂತಿದ್ದರು. ತುಳಿದಾಗಲೆಲ್ಲ ಒಳಗಿನ ಮುದುಕಿ ಕಿರುಚುತ್ತ ಎದ್ದು ಬರುವಳು; ಇವರು ನಗುತ್ತ ವಿಡಿಯೊ ಮಾಡಿಕೊಳ್ಳುವರು. ತಮ್ಮ ಮನೆಯಲ್ಲಿ ದಿನಾ ಹೊಸ್ತಿಲಿಗೆ ಅರಿಸಿನ ಹಚ್ಚುವವರೇ ಎಲ್ಲರೂ.

“ನೀವೂ ತುಳೀರಿ ಗೌರಕ್ಕ,” ಎಂದ ನಮ್ಮನ್ನು ಕರೆತಂದಿದ್ದ ಕೊಟ್ರೇಶಿ. “ಆಗಿನ ಕಾಲದಾಗ ಖಾನನ ಹೊಸ್ತಲ ತುಳಿದ್ರ ತಲೀನ ತೆಗೀತಿದ್ರಂತ. ಈಗ ಬರೇ ಬೈತಾಳ.”

“ನಿಮ್ಮವ್ವ ಪೂಜೆ ಮಾಡಿದ ಹೊಸ್ತಲ ತುಳೀತಿಯೇನು?” ಎಂದೆ.

“ಅದು ಮನೀರಿ. ಇದು ಶೋ.”

ಮೈಯೆಲ್ಲ ಉರಿಯಿತು. ಸಾಲನ್ನು ಸರಿಸಿ, ಚಪ್ಪಲಿ ಬಿಟ್ಟು, ಹೊಸ್ತಿಲು ತಾಗದಂತೆ ಬಲಗಾಲಿಟ್ಟು ಒಳಗೆ ಹೋದೆ.

ಕಿರುಚಲು ಬಾಯಿ ತೆರೆದ ಮುದುಕಿ ಹಾಗೇ ನಿಂತಳು. ನನ್ನ ಕಾಲು ನೋಡಿದಳು, ಹೊಸ್ತಿಲು ನೋಡಿದಳು. ಆಮೇಲೆ ಚರ್ಮದ ಚೀಲದಿಂದ ಹುಳಿ ಹಾಲು ಬಗ್ಗಿಸಿ, ಎರಡೂ ಕೈಯಿಂದ ಬಟ್ಟಲು ಚಾಚಿದಳು. ಕುಡಿದೆ.

ಹೊರಗೆ ಕೊಟ್ರೇಶಿ ಕಚೇರಿಗೆ ಫೋನ್ ಮಾಡುತ್ತಿದ್ದ. “ಹತ್ತನೇ ಡೇರೆದ ಮುದುಕಿ ಕೆಟ್ಟೈತ್ರಿ. ಬೈಯೋದು ಬಿಟ್ಟು ಹಾಲು ಕೊಡಾಕತ್ತೈತಿ. ಇದನ್ನ ತೆಗೆಸಿ, ನಾಳೆಗೆ ಬ್ಯಾರೇದು ಬೆಳಸಾಕ ಹೇಳ್ರಿ.”

ಬಟ್ಟಲು ಹಿಡಿದೇ ಓಡಿಬಂದು, ಎರಡೂ ಕಾಲಿಂದ ಹೊಸ್ತಿಲನ್ನು ಮೆಟ್ಟಿ ನಿಂತೆ.

“ಬೈಯವ್ವ,” ಎಂದೆ. “ಅವನಿಗೆ ಕೇಳೋ ಹಂಗ ಬೈಯಿ.”

ಮುದುಕಿ ಮೆಲ್ಲಗೆ ಹತ್ತಿರ ಬಂದು, ನನ್ನ ಬಟ್ಟಲಿಗೆ ಇನ್ನಷ್ಟು ಹಾಲು ಬಗ್ಗಿಸಿದಳು.